ತೊಟ್ಟಿಕ್ಕುವ ಅಕ್ಷರ

ಕನ್ನಡದ ಅಕ್ಷರಗಳು ಬೇಗ ನೀರಾಗುತ್ತವೆ. ಇಂಗ್ಲಿಷಿನ ಎಕ್ಸ್, ಕೆ, ಝಡ್ ಮುಂತಾದವನ್ನು ನೀರಿನಲ್ಲಿ ಬರೆದಂತೆ ಕಾಣಿಸಬೇಕಾದರೆ ಮೊದಲು ಅವುಗಳ ಮೂಲೆ ಮುರಿಯಬೇಕು, ಕಡ್ಡಿಯಂತೆ ನಿಂತ ಗೆರೆಗಳನ್ನು ಬಾಗಿಸಬೇಕು. ನಮ್ಮ ಕ, ರ, ಠ, ಲ ಹುಟ್ಟುತ್ತಲೇ ದುಂಡಗಿವೆ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ದಕ್ಷಿಣದ ಲಿಪಿಗಳು ಗುಂಡಗಾದವು ಎಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಕಾರಣ ಏನೇ ಇರಲಿ, ಫೋಟೋಶಾಪಿನಲ್ಲಿ ಅಕ್ಷರವನ್ನು ಜೇನಾಗಿ, ತುಪ್ಪವಾಗಿ, ಮಳೆಹನಿಯಾಗಿ ಮಾಡಲು ಕೂತಾಗಲೆಲ್ಲ ಆ ಹಳೆಯ ಕಂಟ ಹಿಡಿದ ಕೈಗಳಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ. ಅರ್ಧ ಕೆಲಸ ಅವರೇ ಮುಗಿಸಿಟ್ಟಿದ್ದಾರೆ.

ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹತ್ತಿರದ ಅಡ್ಡರಸ್ತೆಯೊಂದರಲ್ಲಿ ನನ್ನ ಡಿಸೈನಿನ ಮೇಜು ಇದೆ. ಮದುವೆ ಕರೆಯೋಲೆ, ಅಂಗಡಿ ಬೋರ್ಡು, ಹೋಟೆಲಿನ ಮೆನು, ಗಣೇಶೋತ್ಸವದ ಪಾಂಪ್ಲೆಟ್ಟು ಎಲ್ಲ ಇಲ್ಲಿಗೆ ಬರುತ್ತವೆ. ಬೇಸಿಗೆ ಶುರುವಾಯಿತೆಂದರೆ ತಂಪು ಪಾನೀಯದವರದ್ದೇ ಸಾಲು. ಕಂಪ್ಯೂಟರ್ ಬರುವ ಮೊದಲು ಇದೇ ಕೆಲಸವನ್ನು ಬೋರ್ಡ್ ಬರೆಯುವವರು ಬ್ರಷ್ಷು ಮತ್ತು ಎನಾಮಲ್ ಪೇಂಟಿನಲ್ಲಿ ಮಾಡುತ್ತಿದ್ದರು. ಐಸ್‌ಕ್ರೀಮ್ ಅಂಗಡಿಯ ಹೆಸರಿನ ನೆತ್ತಿಯ ಮೇಲೆ ಬಿಳಿ ಹಿಮ ಕೂತಿರುತ್ತಿತ್ತು. ‘ಕೂಲ್ ಡ್ರಿಂಕ್ಸ್’ ಎಂಬ ನೀಲಿ ಅಕ್ಷರಗಳಿಂದ ಹನಿ ಜಾರುತ್ತಿತ್ತು. ಆ ಹನಿಯ ಎಡ ಹೆಗಲಿನ ಮೇಲೆ ಬಿಳಿ ಬಣ್ಣದ ಒಂದೇ ಒಂದು ಚುಕ್ಕೆ, ಬಲಗಡೆ ಕೆಳಗೆ ತೆಳುವಾದ ಒಂದು ಗೆರೆ. ಅಷ್ಟರಲ್ಲೇ ನೀರು ಕಾಣುತ್ತಿತ್ತು. ನಾನು ಇಂದಿಗೂ ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲು ತೋರಿಸುವುದು ಅಂಥ ಹಳೆಯ ಬೋರ್ಡಿನ ಫೋಟೊಗಳನ್ನು. ಲೇಯರ್ ಸ್ಟೈಲಿನ ಕಿಟಕಿ ಆಮೇಲೆ ತೆರೆದರಾಯಿತು.

ನೀರಿನ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ತಿಳಿಯದಿದ್ದರೆ ಆ ಕಿಟಕಿಯ ಯಾವ ಗುಂಡಿಯೂ ಕೆಲಸಕ್ಕೆ ಬರುವುದಿಲ್ಲ. ಕಪ್ಪು ಸನ್‌ಮೈಕದ ತುಂಡೊಂದು ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಬೆರಳನ್ನು ಲೋಟದಲ್ಲಿ ಅದ್ದಿ ಅದರ ಮೇಲೆ ‘ಕ’ ಬರೆದು, ಎಡಗಡೆ ಮೇಲಿನಿಂದ ಟೇಬಲ್ ಲ್ಯಾಂಪು ಹಿಡಿಯುತ್ತೇನೆ. ನೀರು ಮೊದಲು ಹರಡುತ್ತದೆ, ಆಮೇಲೆ ಅಂಚುಗಳನ್ನು ಒಳಕ್ಕೆ ಎಳೆದುಕೊಂಡು ಉಬ್ಬುತ್ತದೆ. ದೀಪವಿರುವ ಎಡಗಡೆ ಪುಟ್ಟದೊಂದು ಬಿಳಿ ಮಿನುಗು ಕಾಣುತ್ತದೆ, ಅದು ದೀಪದ್ದೇ ಪ್ರತಿಬಿಂಬ. ಅದರ ಪಕ್ಕದಲ್ಲೇ ಅಕ್ಷರದ ಮೈ ಸ್ವಲ್ಪ ಕಪ್ಪಗಿರುತ್ತದೆ. ನಿಜವಾದ ಬೆಳಕು ಇರುವುದು ಎದುರು ಬದಿಯಲ್ಲಿ, ಬಲಗಡೆ ಕೆಳಗಿನ ಒಳಅಂಚಿನಲ್ಲಿ. ಕಪ್ಪು ಹಾಳೆಯ ಮೇಲೆ ಇದು ಮಂಕು. ಸನ್‌ಮೈಕ ತೆಗೆದು ಬಿಳಿ ಕಾಗದಕ್ಕೆ ಲ್ಯಾಮಿನೇಷನ್ ಮಾಡಿದ ಹಾಳೆ ಇಟ್ಟರೆ ಎದ್ದು ಕಾಣುತ್ತದೆ. ಗಾಳಿಯಿಂದ ನೀರಿಗೆ ಇಳಿಯುವಾಗ ಬೆಳಕು ಬಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು ಇದೇ. ಹನಿ ಮಸೂರದಂತೆ ಬೆಳಕನ್ನೆಲ್ಲ ಒಟ್ಟುಮಾಡಿ ಆಚೆ ಬದಿಗೆ ಸುರಿಯುತ್ತದೆ.

ಈಗ ಫೋಟೋಶಾಪಿನಲ್ಲಿ ‘ಬೆವೆಲ್ ಅಂಡ್ ಎಂಬಾಸ್’ ಒತ್ತಿ ನೋಡಿ. ಅದು ತಾನಾಗಿ ಕೊಡುವುದು ಇದಕ್ಕೆ ಪೂರ್ತಿ ತಿರುವುಮುರುವು: ದೀಪದ ಕಡೆ ಬೆಳಕು, ಎದುರು ಕಡೆ ನೆರಳು. ಮರ, ಗಾರೆ, ಹಿತ್ತಾಳೆ ಇಂಥ ಬೆಳಕು ತೂರದ ವಸ್ತುಗಳಿಗೆ ಅದು ಸರಿ. ನೀರಿಗೆ ಹಾಕಿದರೆ ಅಕ್ಷರ ಪ್ಲಾಸ್ಟಿಕ್ಕಾಗಿ ಕೂರುತ್ತದೆ. ಜಯನಗರದ ಬೀದಿಗಳಲ್ಲಿ ‘ನೀರಿನ ಅಕ್ಷರ’ ಎಂದು ಬರೆಸಿದ ಎಷ್ಟೋ ಬೋರ್ಡುಗಳು ಬಕೆಟ್ಟಿನ ಬಣ್ಣದಲ್ಲಿ ಹೊಳೆಯುವುದು ಇದರಿಂದಲೇ. ಮಾಡಬೇಕಾದ್ದು ಮೂರೇ ಬದಲಾವಣೆ. ಲೇಯರಿನ ಫಿಲ್ ಅನ್ನು ಸೊನ್ನೆಯ ಹತ್ತಿರಕ್ಕೆ, ಅಂದರೆ ಶೇ. 3ರ ಆಸುಪಾಸಿಗೆ ಇಳಿಸಬೇಕು. ಆಗ ಅಕ್ಷರದ ಬಣ್ಣ ಮಾಯವಾಗಿ, ಅದರ ಮೇಲೆ ಹಾಕಿದ ಪರಿಣಾಮಗಳು ಮಾತ್ರ ಉಳಿಯುತ್ತವೆ. ಬೆವೆಲಿನ ನೆರಳಿನ ಬಣ್ಣವನ್ನು ಕಪ್ಪಿನಿಂದ ಬಿಳಿಗೆ ಬದಲಿಸಿ, ಮಲ್ಟಿಪ್ಲೈ ಇದ್ದ ಕಡೆ ಕಲರ್ ಡಾಡ್ಜ್ ಇಟ್ಟರೆ ಬಲಗಡೆಯ ಬೆಳಕು ತೆರೆದುಕೊಳ್ಳುತ್ತದೆ. ಕೊನೆಗೆ ದೀಪದ ಕಡೆಯ ಅಂಚಿಗೆ ತೆಳುವಾದ ಇನ್ನರ್ ಶ್ಯಾಡೋ. ಇಷ್ಟಾದ ಕ್ಷಣದಲ್ಲಿ ಪರದೆಯ ಮೇಲೆ ಅಕ್ಷರ ಒದ್ದೆಯಾಗುವುದನ್ನು ನೋಡಬೇಕು. ಈ ಕೆಲಸದಲ್ಲಿ ನನಗೆ ಅತಿ ಸಂತೋಷದ ಗಳಿಗೆ ಅದು.

ಇದನ್ನೆಲ್ಲ ಕೊಟ್ಟ ತಂತ್ರಾಂಶಕ್ಕೂ ನೀರಿಗೂ ಹಳೆಯ ನಂಟಿದೆ. ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಅಣ್ಣತಮ್ಮಂದಿರು ಬರೆದ ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದಕ್ಕೂ ಮೊದಲು ಜಾನ್ ನಾಲ್ ಚಲನಚಿತ್ರದ ವಿಶೇಷ ದೃಶ್ಯಗಳ ಕಂಪನಿಯಲ್ಲಿ ಕೆಲಸದಲ್ಲಿದ್ದರು. 1989ರ ‘ದಿ ಅಬಿಸ್’ ಚಿತ್ರದಲ್ಲಿ ನೀರಿನದೇ ಮೈ ಇರುವ ಜೀವಿಯೊಂದು ಹಾವಿನಂತೆ ತೇಲಿ ಬರುತ್ತದಲ್ಲ, ಆ ದೃಶ್ಯ ಕಟ್ಟುವಾಗ ಈ ತಂತ್ರಾಂಶದ ಆರಂಭದ ರೂಪ ಬಳಕೆಯಾಗಿತ್ತು. ನಮ್ಮಂಥವರ ಕೈಗೆ ಸಲಕರಣೆಗಳು ಬಂದದ್ದು ನಿಧಾನವಾಗಿ: ಲೇಯರ್ 1994ರಲ್ಲಿ, ಲೇಯರಿಗೆ ನೆರಳು-ಉಬ್ಬು ಕೊಡುವ ಸೌಲಭ್ಯ 1998ರಲ್ಲಿ, ಚಿತ್ರವನ್ನು ಹಿಟ್ಟಿನಂತೆ ತಳ್ಳಾಡಬಹುದಾದ ಲಿಕ್ವಿಫೈ 2000ದಲ್ಲಿ.

ಕನ್ನಡ ಅದರೊಳಗೆ ನೆಟ್ಟಗೆ ಮೂಡುವುದು ಇನ್ನೂ ತಡವಾಯಿತು. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಬೆರಳಿಗೆ ಕೂತಿದ್ದರಿಂದ ಡಿಟಿಪಿಯವರ ಹೊಟ್ಟೆಪಾಡು ನಡೆಯಿತು. ಆದರೆ ಫೋಟೋಶಾಪಿಗೆ ಯೂನಿಕೋಡ್ ಕನ್ನಡವನ್ನು ತಂದು ಅಂಟಿಸಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಈಗ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಂಡರೆ ಒತ್ತು ತನ್ನ ಜಾಗಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ಇನ್ನೂ ನುಡಿಯಲ್ಲಿ ಟೈಪ್ ಮಾಡಿ ಚಿತ್ರವಾಗಿ ತಂದು ಅಂಟಿಸುವವರನ್ನು ಕಂಡಿದ್ದೇನೆ. ಅಂಥವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ತೋರಿಸದೆ ನನಗೆ ಸಮಾಧಾನವಾಗುವುದಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಬಂದ ಕೆಲಸವೊಂದನ್ನು ಹೇಳಬೇಕು. 9ನೇ ಬ್ಲಾಕಿನ ಕಡೆ ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡವರು, ಮಂಡ್ಯದ ಕಡೆಯವರು. ಗಾಡಿಯ ಹಣೆಗೆ ಬೋರ್ಡು ಬೇಕಿತ್ತು.

“ಅಕ್ಕ, ನೋಡುದ್ರೆ ಬಾಯಲ್ಲಿ ನೀರು ಬರ್ಬೇಕು,” ಅಂದರು. ಸ್ವಲ್ಪ ಯೋಚಿಸಿ, “ಓದಕ್ಕೂ ಬರ್ಬೇಕು ಕಣಕ್ಕ,” ಎಂದು ಸೇರಿಸಿದರು.

ಅವರ ಎರಡನೆಯ ಮಾತನ್ನು ನನ್ನ ಮೇಜಿನ ಮುಂದೆ ಬರೆದು ಅಂಟಿಸಿಕೊಂಡಿದ್ದೇನೆ.

‘ಕಬ್ಬಿನ ಹಾಲು’ ಎಂಬ ಈ ಎರಡು ಪದಗಳಷ್ಟು ದ್ರವಕ್ಕೆ ಹೇಳಿ ಮಾಡಿಸಿದ ಅಕ್ಷರಗಳು ಸಿಗುವುದು ಅಪರೂಪ. ಮೊದಲು ದಪ್ಪನೆಯ, ದುಂಡನೆಯ ಫಾಂಟು ಬೇಕು. ನಾನು ಸಾಮಾನ್ಯವಾಗಿ ‘ಬಲೂ ತಮ್ಮ’ ಹಿಡಿಯುತ್ತೇನೆ. ಅದು ಉಚಿತ, ಮೈಕೈ ತುಂಬಿಕೊಂಡಿದೆ. ಬಿಳಿಯ ಮೇಲೆ ಕಪ್ಪಾಗಿ ಬರೆದು ಗಾಸಿಯನ್ ಬ್ಲರ್ ಕೊಡಬೇಕು. ಅಕ್ಷರದ ಅಂಚು ಮಂಜಿನಂತೆ ಕರಗುತ್ತದೆ. ಆ ಮೇಲೆ ಲೆವೆಲ್ಸ್ ತೆರೆದು ಕಪ್ಪು-ಬಿಳಿಯ ಎರಡೂ ಮುಳ್ಳುಗಳನ್ನು ನಡುವಿಗೆ ಹತ್ತಿರ ತಂದರೆ ಮಂಜು ಸರಿದು ಅಂಚು ಮತ್ತೆ ಗಟ್ಟಿಯಾಗುತ್ತದೆ, ಆದರೆ ಈ ಸಲ ಮೂಲೆಗಳೆಲ್ಲ ನುಣ್ಣಗೆ. ಎರಡು ಗೆರೆ ಹತ್ತಿರ ಬಂದಲ್ಲಿ ನಡುವೆ ಸೇತುವೆ ಕಟ್ಟಿಕೊಂಡಿರುತ್ತದೆ, ಎರಡು ಹನಿ ಒಂದಾಗುವಾಗ ಕಾಣುವ ಸೊಂಟದ ಹಾಗೆ. ಥ್ರೆಶೋಲ್ಡ್ ಬಳಸಿದರೂ ಇದೇ ಆಗುತ್ತದೆ, ಆದರೆ ಅದು ಕಪ್ಪು-ಬಿಳಿ ಎರಡನ್ನೇ ಉಳಿಸುವುದರಿಂದ ಅಂಚು ಗರಗಸದಂತೆ ಏಳುತ್ತದೆ. ಲೆವೆಲ್ಸೇ ವಾಸಿ.

ಕಬ್ಬಿನ ಹಾಲು ನೀರಿನಂತೆ ತಿಳಿ ಅಲ್ಲ, ಹಾಲಿನಂತೆ ಪೂರ್ತಿ ಮರೆಯೂ ಅಲ್ಲ. ಹಾಗಾಗಿ ಮೇಲೆ ಹೇಳಿದ ಬೆಳಕಿನ ಲೆಕ್ಕವನ್ನು ಅರ್ಧಕ್ಕೆ ಇಳಿಸಬೇಕು. ಎದುರು ಬದಿಯ ಬೆಳಕು ಮಿಂಚಬಾರದು, ಒಳಗಿನಿಂದ ಹಸುರು-ಹಳದಿಯಾಗಿ ಹೊಮ್ಮಬೇಕು. ಬಣ್ಣ ಆಗಷ್ಟೇ ಗಾಣದಿಂದ ಇಳಿದ ಹಾಲಿನದಾಗಿರಬೇಕು. ಸ್ವಲ್ಪ ಹೊತ್ತು ಗಾಳಿಗಿಟ್ಟರೆ ಅದು ಕಂದುಗಟ್ಟುತ್ತದೆ, ಆ ಬಣ್ಣ ಬೋರ್ಡಿನಲ್ಲಿ ಬಂದರೆ ಗಿರಾಕಿ ನಿಲ್ಲದೆ ಮುಂದೆ ಹೋಗುತ್ತಾನೆ. ನೊರೆಗೆ ಜಾಗ ಹುಡುಕಬೇಕಾಗಲೇ ಇಲ್ಲ. ಕ, ನ, ಹ ಮೂರಕ್ಕೂ ತಲೆಕಟ್ಟು ಇದೆ; ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಗಳನ್ನು ಕೂರಿಸಿದೆ. ಬಿ ಅಕ್ಷರದ ಗುಡಿಸಿನ ಮೇಲೂ ಒಂದಷ್ಟು. ಲ ಅಕ್ಷರಕ್ಕೆ ತಲೆಕಟ್ಟಿಲ್ಲ, ಹಾಗಾಗಿ ಅದರ ಒಳಗಿನ ಬಾಗಿನಲ್ಲಿ, ಲೋಟದ ಅಂಚಿಗೆ ಕಚ್ಚಿಕೊಂಡ ನೊರೆಯಂತೆ ಬಿಟ್ಟೆ. ಇನ್ನು ಹನಿ ಎಲ್ಲಿಂದ ಇಳಿಯಬೇಕು? ಬ್ಬಿಯ ಒತ್ತು ಆಗಲೇ ಕೆಳಗೆ ತೂಗುತ್ತಿದೆ. ಅದರ ತಳದಿಂದ ಲಿಕ್ವಿಫೈ ಬ್ರಷ್ಷಿನಲ್ಲಿ ಒಂದಿಷ್ಟು ಕೆಳಕ್ಕೆ ಎಳೆದರೆ ಸಾಕು. ಇಂಗ್ಲಿಷ್ ಅಕ್ಷರಕ್ಕೆ ಹನಿಯನ್ನು ಹೊರಗಿನಿಂದ ತಂದು ಅಂಟಿಸಬೇಕು. ಕನ್ನಡದ ಒತ್ತಿನಲ್ಲಿ ಅದು ಮೊದಲೇ ಕೂಡಿಕೊಂಡಿರುತ್ತದೆ.

ಆದರೆ ಕನ್ನಡಕ್ಕೆ ಅದರದೇ ಆದ ಅಪಾಯಗಳೂ ಇವೆ, ಇಂಗ್ಲಿಷಿಗೆಂದು ಮಾಡಿಟ್ಟ ಸಿದ್ಧ ಸ್ಟೈಲುಗಳಿಗೆ ಅವು ಗೊತ್ತಿಲ್ಲ. ಸಿಡಿದ ಹನಿಗಳನ್ನು ಸುತ್ತ ಚೆಲ್ಲುವುದು ಎಲ್ಲರಿಗೂ ಇಷ್ಟ. ಅಂಥದೊಂದು ಹನಿ ‘ಕ’ದ ಬಲಗಡೆ ಸಾಲಿನಲ್ಲಿ ಕೂತುಬಿಟ್ಟರೆ ಅದು ಸೊನ್ನೆ. ತಿಳಿನೀರಿನ ಹನಿಗೆ ಅಂಚು ಗಾಢ, ನಡು ತಿಳಿ ಇರುವುದರಿಂದ ಥೇಟ್ ಅನುಸ್ವಾರವೇ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಒಂದು ಕರಡನ್ನು ನೋಡಿ, “ಅಕ್ಕಾ, ಇದು ‘ಹಾಲುಂ’ ಅಂತ ಓದಿಸ್ತಿದೆ,” ಎಂದಳು. ಅವಳ ಕಣ್ಣು ಚುರುಕು. ಅಂದಿನಿಂದ ಸಿಡಿದ ಹನಿಗಳನ್ನು ತಲೆಕಟ್ಟಿನಿಂದ ಮೇಲಕ್ಕೆ ಮಾತ್ರ ಬಿಡುತ್ತೇವೆ, ಅದೂ ಉದ್ದುದ್ದವಾಗಿ. ಜಾರುವ ಹನಿಯೂ ಅಷ್ಟೇ: ಕ ಅಥವಾ ತ ಕೆಳಗೆ ಬಲಕ್ಕೆ ಜೋತುಬಿದ್ದರೆ ವಟ್ರಸುಳಿಯಾಗುತ್ತದೆ. ಅಕ್ಷರದ ನಡುತಳದಿಂದ ನೇರ ಇಳಿದರೆ ತೊಂದರೆಯಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಪಾಡಬೇಕಾದ್ದು ಮಹಾಪ್ರಾಣದ ಸೀಳನ್ನು. ಬನಶಂಕರಿಯಿಂದ ಹಿರಿಯರೊಬ್ಬರು ಮಗಳ ಮದುವೆಯ ಕರೆಯೋಲೆ ಮಾಡಿಸಲು ಬಂದಿದ್ದರು. ಒಳಪುಟದಲ್ಲಿ ‘ಧಾರೆ’ ಎಂಬ ಪದ ಒಂದೇ ದೊಡ್ಡದಾಗಿ, ಸುರಿಯುವ ನೀರಿನಲ್ಲೇ ಬರೆದಂತೆ ಇರಬೇಕೆಂದು ಅವರ ಆಸೆ. ಮದುವೆಮನೆಯಲ್ಲಿ ಧಾರೆ ಎರೆಯುವಾಗ ಕೈಯಿಂದ ಕೈಗೆ, ತೆಂಗಿನಕಾಯಿಯ ಮೇಲಿಂದ ಇಳಿಯುವ ಆ ನೀರು ಅವರ ಕಣ್ಣಲ್ಲಿತ್ತು. ವಿಚಾರ ನನಗೂ ಬಹಳ ಹಿಡಿಸಿತು. “ಧಾರೆಯ ಧ ಮಾತ್ರ ಸರಿಯಾಗಿ ಓದಿಸಬೇಕಮ್ಮ,” ಎಂದರು.

ಅವರು ಹೇಳಿದ್ದು ಸರಿಯಾದ ಜಾಗವನ್ನೇ. ದ-ಧ, ಡ-ಢ, ಪ-ಫ, ಈ ಜೋಡಿಗಳಲ್ಲಿ ವ್ಯತ್ಯಾಸವೆಲ್ಲ ಇರುವುದು ತಳದ ಒಂದು ಸಣ್ಣ ಸೀಳಿನಲ್ಲಿ. ಬ್ಲರ್ ಮತ್ತು ಲೆವೆಲ್ಸ್ ಎರಡೂ ಸೇರಿ ಮೊದಲು ಮುಚ್ಚುವುದೇ ಇಂಥ ಕಿರಿದಾದ ಸಂದನ್ನು. ತಂತ್ರಾಂಶದ ತಪ್ಪೇನೂ ಇಲ್ಲ, ನಿಜವಾದ ನೀರೂ ಹಾಗೇ ಮಾಡುತ್ತದೆ. ಮೇಲ್ಮೈ ಎಳೆತದಿಂದ ಸಣ್ಣ ಸಂದುಗಳನ್ನು ತುಂಬಿಕೊಳ್ಳುತ್ತದೆ. ಧ ದ ಆಗಿಬಿಡುತ್ತದೆ. ಅದಕ್ಕೆ ಅಕ್ಷರದ ಮೈಯನ್ನೂ ಸೀಳನ್ನೂ ಬೇರೆ ಬೇರೆ ಲೇಯರಿನಲ್ಲಿ ಇಡುತ್ತೇನೆ. ಮೈಗೆ ಧಾರಾಳವಾಗಿ ಬ್ಲರ್, ಸೀಳಿಗೆ ತೀರ ಕಡಿಮೆ. ಆಮೇಲೆ ಸಣ್ಣ ಬ್ರಷ್ಷಿನಲ್ಲಿ ಸೀಳನ್ನು ಕೈಯಾರೆ ತುಸು ಅಗಲಿಸಿ, ಅದರ ಎರಡು ದಡಗಳನ್ನೂ ದುಂಡಗೆ ಮಾಡುತ್ತೇನೆ. ಬೆಳಕು ಅಲ್ಲಿ ಬಿದ್ದಾಗ ಸೀಳು ಹೊಳೆಯಿಂದ ಕವಲೊಡೆದ ಕಾಲುವೆಯಂತೆ ಕಾಣುತ್ತದೆ. ಆ ಒಂದು ‘ಧ’ ಅಕ್ಷರಕ್ಕೆ ಇಡೀ ಮಧ್ಯಾಹ್ನ ಹಿಡಿದರೂ ನಾನು ಅದನ್ನು ದಂಡ ಎನ್ನುವುದಿಲ್ಲ.

ಆ ಕರೆಯೋಲೆಯ ಹಿನ್ನೆಲೆಯಲ್ಲಿ ವೀಳ್ಯದೆಲೆಯ ಚಿತ್ರವಿತ್ತು. ನೀರು ಎಲೆಯ ಮೇಲೆ ನಿಂತಿದೆ ಎನ್ನಿಸಬೇಕಾದರೆ ಅಕ್ಷರದ ಕೆಳಗೆ ಎಲೆಯ ನರಗಳು ಬಾಗಬೇಕು. ಇದಕ್ಕೆ ಡಿಸ್‌ಪ್ಲೇಸ್ ಎಂಬ ಫಿಲ್ಟರ್ ಇದೆ. ಅಕ್ಷರದ ಉಬ್ಬನ್ನು ಕಪ್ಪು-ಬಿಳುಪಿನ ಬೇರೊಂದು ಕಡತವಾಗಿ ಉಳಿಸಿ ಅದನ್ನು ಫಿಲ್ಟರಿಗೆ ಉಣಿಸಬೇಕು. ನಡುಬೂದು, ಅಂದರೆ 128, ಇದ್ದಲ್ಲಿ ಎಲೆ ಅಲ್ಲಾಡುವುದಿಲ್ಲ. ಅದಕ್ಕಿಂತ ಕಪ್ಪಾದಲ್ಲಿ ಒಂದು ಕಡೆಗೆ, ಬಿಳುಪಾದಲ್ಲಿ ಇನ್ನೊಂದು ಕಡೆಗೆ ಸರಿಯುತ್ತದೆ. ನರಗಳು ಅಕ್ಷರದ ಅಂಚಿನಲ್ಲಿ ತುಸು ಮುರಿದು ಒಳಗೆ ಸರಿದು ಕಂಡ ಮೇಲೆ ಬೇರೆ ಅಲಂಕಾರವೇ ಬೇಡವೆನಿಸುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ಮಳೆ ನಿಂತ ಮೇಲೆ ನಮ್ಮ ಬೀದಿಯಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಿ. ಪಾಲಿಶ್ ಹಾಕಿದ ಬಾನೆಟ್ಟಿನ ಮೇಲೆ ಸಣ್ಣ ಹನಿ ಮುತ್ತಿನಂತೆ ಗುಂಡಗಿರುತ್ತದೆ, ದೊಡ್ಡ ಹನಿಯ ನೆತ್ತಿ ಚಪ್ಪಟೆಯಾಗಿರುತ್ತದೆ. ನೀರಿಗೆ ಈ ಗಡಿ ಸುಮಾರು 2.7 ಮಿಲಿಮೀಟರ್, ಅದನ್ನು ಬಹಳ ಮೀರಿದ ನೀರನ್ನು ಭೂಮಿಯ ಸೆಳೆತ ಒತ್ತಿ ಸಮ ಮಾಡುತ್ತದೆ. ಕರೆಯೋಲೆಯ ಪುಟ್ಟ ಅಕ್ಷರ ಪೂರ್ತಿ ಉಬ್ಬಿರಬಹುದು. ಗಾಡಿಯ ಬೋರ್ಡಿನಲ್ಲಿ ಅಂಗೈ ಅಗಲದ ಗೆರೆ ಇರುವಾಗ ಉಬ್ಬು ಅಂಚಿಗೆ ಮಾತ್ರ ಇರಲಿ, ನಡು ಸಮತಟ್ಟಾಗಿರಲಿ. ಒಂದೇ ಸ್ಟೈಲನ್ನು ಎಲ್ಲ ಅಳತೆಗೂ ಅಂಟಿಸಿದವರ ನೀರು ಸುಳ್ಳಾಗಿ ಕಾಣುವುದು ಇಲ್ಲೇ.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಂದಿನಿಂದ ಇಲ್ಲಿನ ಅಂಗಡಿಬೀದಿಗಳು ಎಷ್ಟು ಬಗೆಯ ಅಕ್ಷರ ಕಂಡಿವೆಯೋ! 2018ರಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನಿಂದ ನಗರದ ಫ್ಲೆಕ್ಸುಗಳು ಇಳಿದವು. 2024ರ ತಿದ್ದುಪಡಿ ಕಾನೂನು ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದಿತು. ನನ್ನ ಮೇಜಿಗೆ ಕನ್ನಡದ ಕೆಲಸ ಹೆಚ್ಚಾಯಿತು, ಖುಷಿಯೇ. ಆದರೆ 11ನೇ ಮೇನಿನಲ್ಲಿ ನಡೆಯುವಾಗ ಒಂದು ವಿಷಯ ಕಣ್ಣಿಗೆ ಚುಚ್ಚುತ್ತದೆ: ಇಂಗ್ಲಿಷ್ ಹೆಸರಿಗೆ ಹೊಳಪು, ನೆರಳು, ತೊಟ್ಟಿಕ್ಕುವ ಚಾಕೊಲೇಟು, ಪಕ್ಕದ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಸಪ್ಪೆ ಫಾಂಟು, ಅದೂ ಜಾಗ ತುಂಬಲೆಂದು ಅಡ್ಡಡ್ಡ ಎಳೆದದ್ದು. ಶೇ. 60ರ ಲೆಕ್ಕ ಸರಿಹೋಗಿರುತ್ತದೆ. ಅಕ್ಷರಕ್ಕೆ ಸಲ್ಲಬೇಕಾದ ಆರೈಕೆ ಸಂದಿರುವುದಿಲ್ಲ. ಗಿರಾಕಿ ಕೇಳದಿದ್ದರೂ ಎರಡಕ್ಕೂ ಒಂದೇ ದ್ರವ, ಒಂದೇ ಬೆಳಕು ಕೊಡುವುದು ನಾನು ಬಿಡದೆ ಪಾಲಿಸುವ ನಿಯಮ. ಅದಕ್ಕೆ ಹೆಚ್ಚಿನ ದುಡ್ಡು ಕೇಳುವುದಿಲ್ಲ.

ಕಬ್ಬಿನ ಹಾಲಿನ ಬೋರ್ಡನ್ನು ವಿನೈಲಿನಲ್ಲಿ ಪ್ರಿಂಟ್ ತೆಗೆಸಿ ಸನ್‌ಬೋರ್ಡಿನ ಮೇಲೆ ಅಂಟಿಸಿಕೊಟ್ಟೆವು. ಪರದೆಯ ಮೇಲಿನ ಎಳೆಹಸುರು ಪ್ರಿಂಟಿನ ನಾಲ್ಕು ಬಣ್ಣಗಳಲ್ಲಿ ಹಾಗೇ ಬರುವುದಿಲ್ಲ, ಸ್ವಲ್ಪ ಮಂಕಾಗುತ್ತದೆ. ಆದ್ದರಿಂದ ಹಿನ್ನೆಲೆಯನ್ನು ಇನ್ನಷ್ಟು ಗಾಢ ಮಾಡಿ ಅಕ್ಷರವನ್ನು ಎತ್ತಿಹಿಡಿದಿದ್ದೆ. ಗಾಡಿಗೆ ಬೋರ್ಡು ಏರಿಸಿದ ದಿನ ಅವರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿದರು. ವಾಪಸು ಬಂದು ಒಂದು ಲೋಟ ಹಾಲು ಕೈಗಿತ್ತು, “ನಮ್ಮ ಭಾಮೈದುಂದು ಎಳನೀರು ಗಾಡಿ ಅದೆ ಕಣಕ್ಕ, ಅವ್ನಿಗೂ ಒಂದು ಮಾಡ್ಕೊಡಿ,” ಅಂದರು.

ಎಳನೀರು ಈಗ ಪರದೆಯ ಮೇಲಿದೆ. ಕಬ್ಬಿನ ಹಾಲಿನಂತೆ ಅದಕ್ಕೆ ಹೇಳಿಕೊಳ್ಳುವ ಬಣ್ಣವಿಲ್ಲ, ಹಿನ್ನೆಲೆಯಿಂದಲೇ ಸಾಲ ತರಬೇಕು. ಕೊಚ್ಚಿದ ಕಾಯಿಯ ಬಿಳಿ ಮುಖವನ್ನೂ ಹಸುರು ಸಿಪ್ಪೆಯನ್ನೂ ಬೆಳಗಿನ ಬಿಸಿಲಲ್ಲಿ ಫೋಟೊ ತೆಗೆದು ವಾಟ್ಸಾಪ್ ಮಾಡಲು ಆ ಹುಡುಗನಿಗೆ ಹೇಳಿದ್ದೇನೆ. ಪದದಲ್ಲಿ ಒತ್ತೂ ಇಲ್ಲ. ರು ಕೊಂಬಿನಿಂದ ಹನಿ ಇಳಿಸಿದರೆ ‘ರೂ’ ಎಂದು ಓದಿಸಿಬಿಡಬಹುದು, ನೀ ಪಕ್ಕದ ದೀರ್ಘವನ್ನು ಮುಟ್ಟುವಂತಿಲ್ಲ. ಉಳಿದದ್ದು ಳ. ಅದರ ತಳದಲ್ಲೊಂದು ಬಾಗು ಇದೆಯಲ್ಲ, ಅಲ್ಲಿಂದ ಎಳೆದು ನೋಡುತ್ತಿದ್ದೇನೆ.